ಅತ್ತೆಯ ಮಾತಿಗೊಂದು ಕಾಲರ್ ಮೈಕ್

ತೀರ್ಥಹಳ್ಳಿಯ ಸೀಮೆಯ ಒಂದು ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಈಗ 84 ವರ್ಷ. ಅವರು ಹೇಳುವ ಅಜ್ಜಿಕಥೆಗಳು, ಒಗಟುಗಳು, ಭತ್ತದ ನೆಟ್ಟಿಯ ದಿನಗಳ ನೆನಪು, ಕಳಲೆಯನ್ನು ಎಷ್ಟು ದಿನ ನೀರಿನಲ್ಲಿಟ್ಟು ಹೇಗೆ ಹಸನು ಮಾಡಬೇಕು ಎಂಬ ವಿವರ, ಇವೆಲ್ಲವನ್ನೂ ಅವರ ದನಿಯಲ್ಲಿಯೇ ಉಳಿಸಿಕೊಳ್ಳಬೇಕೆಂದು ಮೂರು ವರ್ಷಗಳ ಹಿಂದೆ ಹೊರಟಾಗ ನನ್ನ ಬಳಿ ಇದ್ದದ್ದು ಮೊಬೈಲ್ ಫೋನ್ ಒಂದೇ. ಜಗಲಿಯ ಮೇಲೆ ಅವರ ಎದುರಿಗೆ ಫೋನನ್ನಿಟ್ಟು ಎರಡು ಸಂಜೆ ಕಥೆ ಕೇಳಿದೆ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕುಳಿತಾಗ ಮೊದಲು ಕಿವಿಗೆ ಬಿದ್ದದ್ದು ಹಂಚಿನ ಮೇಲೆ ಸುರಿಯುವ ಮಳೆ, ಅದರ ಹಿಂದೆ ಜೀರುಂಡೆ, ಅದರ ಹಿಂದೆ ಫ್ಯಾನು. ಅತ್ತೆಯ ಮಾತು ಬಾವಿಯ ತಳದಿಂದ ಬರುವಂತಿತ್ತು. ಆ ಎರಡು ಸಂಜೆಗಳ ಕಥೆಗಳನ್ನು ಅತ್ತೆ ಮತ್ತೆ ಹೇಳಿದ್ದಾರೆ, ಆದರೆ ಅಂದು ಹೇಳಿದ ಹಾಗೆ ಹೇಳಿಲ್ಲ. ಆ ನಷ್ಟ ನನ್ನನ್ನು ಇಂದಿಗೂ ಕಾಡುತ್ತದೆ, ಬಟ್ಟೆಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕ್ ಕುರಿತ ಈ ಬರಹಕ್ಕೆ ಅದೇ ಕಾರಣ.

ಫೋನಿನೊಳಗಿನ ಮೈಕ್ ಕೆಟ್ಟದ್ದೇನಲ್ಲ ಎಂಬುದನ್ನು ಮೊದಲು ಹೇಳಬೇಕು. ಕಿವಿಗಿಟ್ಟು ಮಾತನಾಡುವಾಗ ಅದೇ ಮೈಕ್ ನಮ್ಮ ದನಿಯನ್ನು ಸ್ಪಷ್ಟವಾಗಿ ಒಯ್ಯುತ್ತದೆ. ತೊಡಕಿರುವುದು ದೂರದಲ್ಲಿ. ಬಾಯಿಂದ ಹೊರಟ ಸದ್ದು, ಗೋಡೆಗಳಿಲ್ಲದ ಬಯಲಿನ ಲೆಕ್ಕದಲ್ಲಿ, ದೂರ ಎರಡರಷ್ಟಾದಾಗಲೆಲ್ಲ, ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ, 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಒಂದೂವರೆ ಮೀಟರ್ ದೂರದಲ್ಲಿದ್ದ ಫೋನಿಗೆ ಹೋಲಿಸಿದರೆ ಎದೆಯ ಮೇಲೆ, ಬಾಯಿಂದ 20 ಸೆಂಟಿಮೀಟರ್ ಕೆಳಗೆ ಸಿಕ್ಕಿಸಿದ ಮೈಕ್‌ಗೆ ಮಾತು 17 ಡೆಸಿಬೆಲ್‌ಗೂ ಹೆಚ್ಚು ಜೋರಾಗಿ ತಲುಪುತ್ತದೆ. ಮಳೆಯ ಸದ್ದಾಗಲಿ ಗೋಡೆಗೆ ತಾಗಿ ಮರಳುವ ಪ್ರತಿಧ್ವನಿಯಾಗಲಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಾಲರ್ ಮೈಕ್ ಮಾಡುವ ಉಪಕಾರದ ಬಹುಪಾಲು ಇದೇ. ದುಬಾರಿ ಮೈಕನ್ನು ಮೇಜಿನ ಮೇಲಿಟ್ಟರೆ ಸಿಗದ ಸ್ಪಷ್ಟತೆ ಸಾಧಾರಣ ಮೈಕನ್ನು ಗೇಣುದ್ದ ದೂರದಲ್ಲಿಟ್ಟರೆ ಸಿಗುತ್ತದೆ.

ಅಗ್ಗದ ಕಾಲರ್ ಮೈಕ್ ಇಷ್ಟು ಚೆನ್ನಾಗಿ ಕೆಲಸ ಮಾಡಲು ಇನ್ನೊಂದು ಕಾರಣವಿದೆ. ಅದರ ತುದಿಯಲ್ಲಿ, ಕಡಲೆಕಾಳಿಗಿಂತ ತುಸು ದೊಡ್ಡದಾದ ಡಬ್ಬಿಯಲ್ಲಿರುವುದು ಎಲೆಕ್ಟ್ರೆಟ್ ಮೈಕ್. ವಿದ್ಯುದಾವೇಶವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಳಸಿ ಇಂಥ ಮೈಕನ್ನು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದರು. ಹಾಳೆಗೆ ಹೊರಗಿನಿಂದ ಹೆಚ್ಚಿನ ವೋಲ್ಟೇಜ್ ಕೊಡುವ ಅಗತ್ಯ ತಪ್ಪಿದ್ದರಿಂದ ಮೈಕ್ ಪುಟ್ಟದಾಯಿತು, ಅಗ್ಗವೂ ಆಯಿತು. ಒಳಗಿರುವ ಸಣ್ಣ ಟ್ರಾನ್ಸಿಸ್ಟರ್‌ಗೆ ಬೇಕಾದ ಎರಡು ಮೂರು ವೋಲ್ಟ್ ಫೋನಿನ ಜ್ಯಾಕಿನಿಂದಲೇ ಸಿಗುತ್ತದೆ. ಈ ಕಾರಣದಿಂದ ಕೆಲವು ನೂರು ರೂಪಾಯಿಯ ಮೈಕ್‌ಗೂ ಹಲವು ಸಾವಿರದ ಮೈಕ್‌ಗೂ ನಡುವಿನ ಅಂತರ ಬೆಲೆಯನ್ನು ನೋಡಿ ನಾವು ಊಹಿಸುವಷ್ಟು ದೊಡ್ಡದಲ್ಲ. ತಂತಿಯ ಬಾಳಿಕೆ, ಒಳಗಿನ ಸಣ್ಣ ‘ಸುಯ್’ ಸದ್ದಿನ ಪ್ರಮಾಣ, ಕ್ಲಿಪ್ಪಿನ ಬಿಗಿ, ಇಂಥವುಗಳಲ್ಲಿ ಅದು ಕಾಣುತ್ತದೆ.

ಕೊಳ್ಳಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ತಂತಿ ಬೇಕೇ ಬೇಡವೇ ಎಂಬುದು. ಇದರಲ್ಲಿ ನಾನು ದಾರಿ ತಪ್ಪಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಗಲಿಯ ಅನುಭವದ ಬೆನ್ನಲ್ಲೇ ನಾನು ಕೊಂಡದ್ದು ಒಂದು ಅಗ್ಗದ ವೈರ್‌ಲೆಸ್ ಮೈಕ್. ಫೋನಿಗೆ ಚುಚ್ಚುವ ಪುಟ್ಟ ರಿಸೀವರ್, ಬಟ್ಟೆಗೆ ಸಿಕ್ಕಿಸುವ ಇನ್ನೊಂದು ತುಂಡು, ತಂತಿಯ ರಗಳೆಯಿಲ್ಲ, ಮೇಲಾಗಿ ಹಿನ್ನೆಲೆಯ ಗದ್ದಲವನ್ನು ತಾನಾಗಿಯೇ ಅಳಿಸುತ್ತದೆ ಎಂಬ ಭರವಸೆ ಡಬ್ಬಿಯ ಮೇಲೆ. ಗದ್ದಲವನ್ನೇನೋ ಅಳಿಸಿತು, ಅದರ ಜೊತೆಗೆ ಮಾತಿನ ತುದಿಗಳನ್ನೂ ಅಳಿಸಿತು. ಕನ್ನಡದಲ್ಲಿ ಮಾತಿನ ಜೀವ ಎಷ್ಟೋ ಸಲ ಪದದ ಕೊನೆಯಲ್ಲಿರುತ್ತದೆ. ಬಂದದ್ದು ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ನಾನೋ ಅವರೋ ಎಂಬುದನ್ನೆಲ್ಲ ‘ಬಂದ’, ‘ಬಂದ್ಲು’, ‘ಬಂದ್ರು’, ‘ಬಂದೆ’ ಎಂಬ ರೂಪಗಳ ಕೊನೆಯ ತುಣುಕು ಹೇಳುತ್ತದೆ. ವಾಕ್ಯದ ಕೊನೆಗೆ ಬರುವಾಗ ಎಲ್ಲರ ದನಿಯೂ ತಗ್ಗುತ್ತದೆ, ವಯಸ್ಸಾದವರದಂತೂ ಉಸಿರಿನ ಜೊತೆಗೇ ಕರಗಿಹೋಗುತ್ತದೆ. ಯಂತ್ರಕ್ಕೆ ಆ ತಗ್ಗಿದ ದನಿಗೂ ಫ್ಯಾನಿನ ಸದ್ದಿಗೂ ವ್ಯತ್ಯಾಸ ತಿಳಿಯಲಿಲ್ಲ. ಅತ್ತೆ ‘ಒಬ್ಬ ರಾಜ ಇದ್ನಂತೆ, ಅವನಿಗೆ ಇಬ್ರು ಹೆಂಡ್ರಂತೆ’ ಎಂದದ್ದು ಅದರಲ್ಲಿ ‘ಒಬ್ಬ ರಾಜ ಇದ್ನ, ಅವನಿಗೆ ಇಬ್ರು ಹೆಂಡ್ರ’ ಎಂದು ಉಳಿದಿತ್ತು. ಅಜ್ಜಿಕಥೆಯಿಂದ ‘ಅಂತೆ’ಯನ್ನು ತೆಗೆದರೆ ಕಥೆಯಲ್ಲಿ ಏನುಳಿಯುತ್ತದೆ? ಹೇಳುವವರು ತಾವು ಕಂಡದ್ದಲ್ಲ, ಕೇಳಿದ್ದು ಎಂದು ಸೂಚಿಸುವ, ಕೇಳುವವರನ್ನು ಮೆಲ್ಲಗೆ ಬೇರೊಂದು ಕಾಲಕ್ಕೆ ಕರೆದೊಯ್ಯುವ ತುಣುಕೇ ಅದು.

ವೈರ್‌ಲೆಸ್ ಮೈಕ್‌ಗಳಲ್ಲಿ ಒಳ್ಳೆಯವೂ ಇವೆ, ಹಲವುಗಳಲ್ಲಿ ಗದ್ದಲ ಅಳಿಸುವ ಈ ಸೌಲಭ್ಯವನ್ನು ಬಂದ್ ಮಾಡಿಡಬಹುದು. ನಡೆದಾಡುತ್ತ ಮಾತನಾಡುವವರಿಗೆ, ಗದ್ದೆ ತೋಟಗಳಲ್ಲಿ ವಿಡಿಯೊ ತೆಗೆಯುವವರಿಗೆ ಅವು ಬೇಕೇ ಬೇಕು. ಆದರೆ ಕುಳಿತು ಮಾತನಾಡುವವರ ದನಿಯನ್ನು ಹಿಡಿಯಲು, ಕಡಿಮೆ ಹಣದಲ್ಲಿ, ತಂತಿಯ ಮೈಕೇ ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವೈರ್‌ಲೆಸ್‌ನಲ್ಲಿ ಅಷ್ಟೇ ಹಣ ಮೈಕ್, ರೇಡಿಯೊ, ಬ್ಯಾಟರಿ, ಚಾರ್ಜ್ ಮಾಡುವ ಏರ್ಪಾಟು ಇಷ್ಟಕ್ಕೂ ಹಂಚಿಹೋಗುತ್ತದೆ. ಸಾಮಾನ್ಯವಾಗಿ ಅವು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನೇ ಮನೆಯ ವೈಫೈ ಮತ್ತು ಬ್ಲೂಟೂತ್‌ಗಳೂ ಬಳಸುವುದರಿಂದ ನಡುನಡುವೆ ಮಾತು ಕತ್ತರಿಸುವ ಸಂಭವವೂ ಇರುತ್ತದೆ.

ನಾನೀಗ ಬಳಸುತ್ತಿರುವುದು ಬೋಯಾ ಕಂಪನಿಯ ಬಿವೈ-ಎಂ1. ಕೊಂಡಾಗ ಒಂದು ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಅದರ ತಂತಿ 6 ಮೀಟರ್ ಉದ್ದ. ಅಷ್ಟುದ್ದ ಬೇಡವಾದಾಗ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡುತ್ತೇನೆ, ಆದರೆ ಫೋನನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಕಂಬದ ಮರೆಯಲ್ಲಿಡಲು ಅದೇ ಉದ್ದ ಅನುಕೂಲವೂ ಆಗಿದೆ. ತಂತಿಯ ನಡುವಿನ ಡಬ್ಬಿಯಲ್ಲಿ ಫೋನಿಗೊಂದು, ಕ್ಯಾಮೆರಾಗೊಂದು ಎಂದು ಎರಡು ಸ್ಥಾನಗಳ ಸ್ವಿಚ್ ಇದೆ. ಕ್ಯಾಮೆರಾದ ಸ್ಥಾನದಲ್ಲಿ ಅದು ಎಲ್‌ಆರ್44 ಎಂಬ ಗುಂಡಿ ಬ್ಯಾಟರಿಯಿಂದ ನಡೆಯುತ್ತದೆ, ಫೋನಿನ ಸ್ಥಾನದಲ್ಲಿ ಬ್ಯಾಟರಿ ಬೇಕಿಲ್ಲ. ಯಾವುದೇ ಕಂಪನಿಯದಾಗಲಿ, ಬ್ಯಾಟರಿಯಿರುವ ಮೈಕನ್ನು ಕ್ಯಾಮೆರಾದ ಸ್ಥಾನದಲ್ಲಿಯೇ ಬಿಟ್ಟು ಚೀಲಕ್ಕೆ ಹಾಕಿದರೆ ಮುಂದಿನ ಸಲಕ್ಕೆ ಬ್ಯಾಟರಿ ಮುಗಿದಿರುತ್ತದೆ.

ಪಿನ್ನಿನ ವಿಷಯವನ್ನು ಅಂಗಡಿಯವರು ವಿವರಿಸುವುದು ಅಪರೂಪ. ಫೋನಿಗೆ ಹೊಂದುವ 3.5 ಮಿಲಿಮೀಟರ್ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿರುತ್ತವೆ, ಕ್ಯಾಮೆರಾಕ್ಕೆ ಹೊಂದುವುದರಲ್ಲಿ ಎರಡೇ. ಎರಡು ಗೆರೆಯ ಪಿನ್ನನ್ನು ನೇರವಾಗಿ ಫೋನಿಗೆ ಚುಚ್ಚಿದರೆ ಫೋನಿಗೆ ಅದು ಮೈಕ್ ಎಂದು ತಿಳಿಯುವುದಿಲ್ಲ. ಈಗಿನ ಹಲವು ಫೋನುಗಳಲ್ಲಿ ಆ ದುಂಡನೆಯ ಜ್ಯಾಕೇ ಇಲ್ಲ. ಅಂಥವರು ಟೈಪ್-ಸಿ ಪಿನ್ನಿರುವ ಕಾಲರ್ ಮೈಕನ್ನೇ ಕೊಳ್ಳುವುದು ಸುಲಭ. ಅಡಾಪ್ಟರ್ ಕೊಂಡರೆ ಅದು ಹಾಡು ಕೇಳಲು ಮಾತ್ರವೋ ಮೈಕನ್ನೂ ಒಪ್ಪುತ್ತದೆಯೋ ಎಂದು ಕೇಳಿ ತಿಳಿದುಕೊಳ್ಳಬೇಕು.

ಎಲ್ಲ ದಿಕ್ಕಿನ ಸದ್ದನ್ನೂ ಕೇಳುವ ಮೈಕ್ ಒಳ್ಳೆಯದೋ ಒಂದೇ ದಿಕ್ಕಿನದನ್ನು ಕೇಳುವುದು ಒಳ್ಳೆಯದೋ ಎಂದು ಒಬ್ಬ ಸ್ನೇಹಿತರು ಕೇಳಿದ್ದರು. ಒಂದೇ ದಿಕ್ಕಿನದು ಎಂದರೆ ಗದ್ದಲ ಕಡಿಮೆ ಎಂದು ತೋರುವುದು ಸಹಜ. ಆದರೆ ಅದು ಬಟ್ಟೆಯ ಮೇಲೆ ಸ್ವಲ್ಪ ಓರೆಯಾದರೂ ಬಾಯಿಯ ಬದಲು ಸೂರನ್ನು ಕೇಳಲು ತೊಡಗುತ್ತದೆ, ಉಸಿರಿನ ಹೊಡೆತವನ್ನೂ ತಂತಿಯ ಉಜ್ಜಾಟವನ್ನೂ ಹೆಚ್ಚು ಎತ್ತಿಕೊಳ್ಳುತ್ತದೆ. ಧ್ವನಿವರ್ಧಕಗಳಿರುವ ವೇದಿಕೆಯಲ್ಲಿ ಅದರ ಉಪಯೋಗ ಬೇರೆ. ಮನೆಯಲ್ಲಿ ಕುಳಿತು, ಒಮ್ಮೆ ಒಲೆಯ ಕಡೆಗೂ ಒಮ್ಮೆ ಅಂಗಳದ ಕಡೆಗೂ ತಿರುಗುತ್ತ ಮಾತನಾಡುವವರಿಗೆ ಎಲ್ಲ ದಿಕ್ಕಿನದೇ ಸರಿ.

ಮೈಕನ್ನು ಸಿಕ್ಕಿಸುವುದರ ಬಗ್ಗೆ ಸಿಗುವ ಸಲಹೆಗಳೆಲ್ಲ ಕೋಟಿನ ಕಾಲರು, ಟೈ, ಅಂಗಿಯ ಗುಂಡಿಗಳನ್ನು ನೆನೆದು ಹೇಳಿದವು. ನಮ್ಮ ಹಿರಿಯರ ಉಡುಗೆಯೇ ಬೇರೆ. ಮೊದಲ ಸಲ ನಾನು ಅತ್ತೆಯ ಸೆರಗಿಗೆ ಸಿಕ್ಕಿಸಿದೆ. ಮಾತಿನ ನಡುವೆ ಅವರು ನಾಲ್ಕೈದು ಸಲ ಸೆರಗನ್ನು ಸರಿಮಾಡಿಕೊಂಡರು, ಪ್ರತಿಸಲವೂ ಗುಡುಗಿದಂತೆ ಸದ್ದು. ಈಗ ರವಿಕೆಯ ಕತ್ತಿನ ಅಂಚಿಗೆ, ಎದೆಯ ನಟ್ಟನಡುವೆ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿಕೊಳ್ಳಲು ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಹೇಳಿಸುತ್ತೇನೆ. ಒಂದು ಪಕ್ಕಕ್ಕೆ ಸಿಕ್ಕಿಸಿದರೆ ಅವರು ಇನ್ನೊಂದು ಪಕ್ಕಕ್ಕೆ ತಿರುಗಿದಾಗ ದನಿ ಇಳಿಯುತ್ತದೆ. ಕೊರಳಿನ ಸರ ಮೈಕಿಗೆ ತಾಗಿದರೆ ಸಣ್ಣ ಲೋಹದ ಸದ್ದು ಮಾತಿನ ಉದ್ದಕ್ಕೂ ಬೀಳುತ್ತದೆ. ಹಾಗೆಂದು ಸರವನ್ನು ತೆಗೆಯಿರಿ ಎಂದು ಹೇಳುವುದು ಸರಿಯಲ್ಲ, ಅದನ್ನು ಸೆರಗಿನ ಒಳಗೆ ಸೇರಿಸಿಕೊಳ್ಳಿ ಎಂದರೆ ಸಾಕು. ನೂಲಿನ ಬಟ್ಟೆ ಸದ್ದು ಮಾಡುವುದು ಕಡಿಮೆ, ಹೊಸ ರೇಷ್ಮೆ ಮತ್ತು ನೈಲಾನ್ ಸರಭರ ಎನ್ನುತ್ತವೆ. ಬರಿಮೈಯಲ್ಲಿ ಶಲ್ಯ ಹೊದ್ದು ಕುಳಿತ ನೆರೆಮನೆಯ ಹಿರಿಯರೊಬ್ಬರಿಗೆ ಶಲ್ಯವನ್ನು ಎದೆಯ ಮೇಲೆ ಒಂದು ಸುತ್ತು ಗಂಟುಹಾಕಿ ಆ ಗಂಟಿಗೇ ಸಿಕ್ಕಿಸಿದೆ. ಆ ದಿನದ ಧ್ವನಿ ನನ್ನ ಬಳಿ ಇರುವುದರಲ್ಲೆಲ್ಲ ಅತ್ಯುತ್ತಮವಾದುದು.

ಕ್ಲಿಪ್ಪಿನ ಕೆಳಗೆ ತಂತಿಯನ್ನು ಒಂದು ಸಣ್ಣ ಸುತ್ತು ತಿರುಗಿಸಿ ಔಷಧದಂಗಡಿಯಲ್ಲಿ ಸಿಗುವ ಪೇಪರ್ ಟೇಪಿನಿಂದ ಬಟ್ಟೆಯ ಒಳಮೈಗೆ ಅಂಟಿಸಿದರೆ ತಂತಿಯನ್ನು ಯಾರಾದರೂ ಎಳೆದರೂ ಆ ಎಳೆತ ಮೈಕಿನವರೆಗೆ ಹೋಗುವುದಿಲ್ಲ. ಜೊತೆಗೆ ಬರುವ ಸ್ಪಾಂಜಿನ ಟೋಪಿಯನ್ನು ಯಾವಾಗಲೂ ಹಾಕಿರಬೇಕು. ಅಂಗಳದ ಗಾಳಿಗೆ ಸ್ಪಾಂಜು ಸಾಲದು, ರೋಮವಿರುವ ಟೋಪಿ ಬೇಕಾಗುತ್ತದೆ.

ಮೈಕ್ ಸರಿಯಾಗಿದೆಯೇ ಎಂದು ನೋಡಲು ಎಲ್ಲರೂ ‘ಹಲೋ, ಒನ್, ಟೂ, ತ್ರೀ’ ಎನ್ನುತ್ತಾರೆ. ಕನ್ನಡದ ಮಾತನ್ನು ಹಿಡಿಯುವ ಮೈಕನ್ನು ಕನ್ನಡದ ಅಕ್ಷರಗಳಿಂದಲೇ ಪರೀಕ್ಷಿಸಬೇಕೆಂಬುದು ನನ್ನ ಪಟ್ಟು. ಹಲ್ಲಿ-ಹಳ್ಳಿ, ಬೆಲೆ-ಬೆಳೆ, ಕಾಲು-ಕಾಳು ಎಂದು ಹೇಳಿಸಿ, ಕಣ್ಣು ಮುಚ್ಚಿ ಕೇಳಿದಾಗ ಯಾವುದು ಯಾವುದೆಂದು ತಿಳಿಯಬೇಕು. ದೂರದಿಂದ, ಪ್ರತಿಧ್ವನಿ ತುಂಬಿದ ಕೋಣೆಯಲ್ಲಿ ಹಿಡಿದ ದನಿಯಲ್ಲಿ ನನಗೆ ಮೊದಲು ಮಸುಕಾಗಿ ಕೇಳಿದ್ದು ಈ ಲಕಾರ ಳಕಾರಗಳ ವ್ಯತ್ಯಾಸವೇ. ಸಸಿ, ಶಶಿ, ವಿಷ ಎಂದಾಗ ‘ಸ್’ ಎಂಬುದು ಚುಚ್ಚಿದಂತೆ ಕೇಳಿದರೆ ಮೈಕನ್ನು ಎರಡು ಬೆರಳು ಕೆಳಗಿಳಿಸಿ ನೋಡಬೇಕು. ಮಹಾಪ್ರಾಣಗಳ ಕಥೆ ಇನ್ನೂ ಸೂಕ್ಷ್ಮವಾದುದು. ಪ ಮತ್ತು ಫ, ಬ ಮತ್ತು ಭ, ಇವುಗಳ ನಡುವಿನ ಅಂತರವೇ ಉಸಿರಿನದು. ಮೈಕ್ ಬಾಯಿಯ ನೇರಕ್ಕೆ, ತೀರ ಹತ್ತಿರಕ್ಕೆ ಬಂದರೆ ‘ಪಾಲು’ ಎಂದಾಗಲೂ ಉಸಿರು ಬಡಿದು ‘ಧಪ್’ ಎನ್ನುತ್ತದೆ, ಅಲ್ಪಪ್ರಾಣವೂ ಮಹಾಪ್ರಾಣದಂತೆ ಕೇಳುತ್ತದೆ. ವಿದೇಶದಲ್ಲಿರುವ ತಂಗಿಯ ಮಕ್ಕಳಿಗಾಗಿ ವರ್ಣಮಾಲೆಯನ್ನು ಓದಿ ಕಳುಹಿಸುವಾಗ ಇದನ್ನು ಗಮನಿಸಿದೆ. ಎದೆಯ ಮೇಲಿನ ಮೈಕ್ ಉಸಿರಿನ ದಾರಿಯಿಂದ ಕೆಳಗಿರುವುದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಫೋನಿನ ಕಡೆಯ ಕೆಲಸ. ಮೈಕನ್ನು ಚುಚ್ಚಿದ ಮಾತ್ರಕ್ಕೆ ಫೋನು ಅದನ್ನೇ ಬಳಸುತ್ತದೆ ಎಂದು ನಂಬಬಾರದು. ಎಷ್ಟೋ ಫೋನುಗಳ ಕ್ಯಾಮೆರಾ ಆ್ಯಪ್‌ಗಳು ತಮ್ಮ ಒಳಗಿನ ಮೈಕನ್ನೇ ಹಿಡಿದಿರುತ್ತವೆ. ರೆಕಾರ್ಡಿಂಗ್ ಶುರುಮಾಡಿ, ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಆಮೇಲೆ ಫೋನಿನ ಮೈಯನ್ನು ಕೆರೆದು, ಯಾವುದು ಜೋರಾಗಿ ಬಂದಿದೆ ಎಂದು ಕೇಳಿದರೆ ಗೊತ್ತಾಗುತ್ತದೆ. ವಿಡಿಯೊ ಬೇಕಾದವರಿಗೆ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ ಹೊರಗಿನ ಮೈಕನ್ನು ಆಯ್ದುಕೊಳ್ಳುವ ಸೌಲಭ್ಯವಿದೆ. ಚಾರ್ಜರನ್ನು ಕಿತ್ತಿಡಬೇಕು, ಇಲ್ಲದಿದ್ದರೆ ವಿದ್ಯುತ್ತಿನ ಗುಂಯ್‌ಗಾರ ಸೇರಿಕೊಳ್ಳಬಹುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಕು. ಉಳಿಸಿಡುವ ಉದ್ದೇಶವಿದ್ದರೆ ಸದ್ದಿನ ವಿವರವನ್ನು ಬಿಟ್ಟು ಕಡತವನ್ನು ಕಿರಿದಾಗಿಸುವ ಎಂಪಿ3 ಬೇಡ, ಏನನ್ನೂ ಬಿಡದ ವೇವ್ (WAV) ರೂಪದಲ್ಲಿಯೇ ಹಿಡಿಯಿರಿ: ಆ್ಯಪ್‌ನ ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್, 16 ಬಿಟ್, ಮೋನೊ (ಒಂದೇ ವಾಹಿನಿ). ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ, ಈಗಿನ ಫೋನುಗಳಿಗೆ ಅದು ಭಾರವಲ್ಲ. ಜೋರಾದ ಮಾತಿಗೂ ಆ್ಯಪ್‌ನಲ್ಲಿ ದನಿಯ ಮಟ್ಟ ತೋರಿಸುವ ಮಾಪಕ (ಅದರಲ್ಲಿ ಸೊನ್ನೆಯೇ ಮೇಲಿನ ಮಿತಿ) −12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಂತಿದ್ದರೆ ನಕ್ಕಾಗ ದನಿ ಒಡೆಯುವುದಿಲ್ಲ. ಮಾತು ಶುರುವಾಗುವ ಮುನ್ನ ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಸದ್ದನ್ನಷ್ಟೇ ಹಿಡಿದಿಟ್ಟರೆ, ಅದನ್ನೇ ಮಾದರಿಯಾಗಿಟ್ಟುಕೊಂಡು ಗದ್ದಲವನ್ನು ಆಮೇಲೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಹದವರಿತು ತಗ್ಗಿಸಬಹುದು. ಆಗ ಎಷ್ಟು ತಗ್ಗಿಸಬೇಕು, ‘ಅಂತೆ’ ಉಳಿದಿದೆಯೇ ಎಂದು ನಮ್ಮ ಕಿವಿಯೇ ನಿರ್ಧರಿಸುತ್ತದೆ, ಮೂಲ ಪ್ರತಿಯೂ ಹಾಗೆಯೇ ಉಳಿಯುತ್ತದೆ.

ಕಳೆದ ತಿಂಗಳು ಅದೇ ಬಗೆಯ ಇನ್ನೊಂದು ಮೈಕ್ ತಂದಿದ್ದೇನೆ. ಅತ್ತೆಯ ಓರಗಿತ್ತಿ ಮಳೆಗಾಲ ಕಳೆದ ಮೇಲೆ ಊರಿಗೆ ಬರುತ್ತಾರೆ, ಇಬ್ಬರೂ ಒಬ್ಬರ ಮಾತಿಗೊಬ್ಬರು ಸೇರಿಸುತ್ತ ಒಗಟು ಹೇಳುವವರು. ಒಬ್ಬೊಬ್ಬರಿಗೆ ಒಂದೊಂದು ಮೈಕ್ ಸಿಕ್ಕಿಸಿ ಎರಡು ಫೋನುಗಳಲ್ಲಿ ಬೇರೆ ಬೇರೆಯಾಗಿ ಹಿಡಿಯುವುದು, ಮೊದಲಿಗೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿಸಿ ಆ ಸದ್ದಿನ ಗುರುತಿನಿಂದ ಆಮೇಲೆ ಎರಡನ್ನೂ ಕೂಡಿಸುವುದು ನನ್ನ ಯೋಚನೆ. ಚಪ್ಪಾಳೆಯನ್ನು ತಾವೇ ತಟ್ಟುವುದಾಗಿ ಅತ್ತೆ ಈಗಾಗಲೇ ಹೇಳಿದ್ದಾರೆ.