ತೆಂಗಿನಕಾಯಿ ತುರಿಯುವ ಯಂತ್ರಕ್ಕೆ ಕಾಲು ಎಚ್‌ಪಿ ಮೋಟರ್: ಮೂರನೇ ಹಂತ

ಕಟ್ಟುತ್ತಿರುವ ತುರಿಯುವ ಯಂತ್ರಕ್ಕೆ ಗುಜರಿಯಲ್ಲಿ ಸಿಕ್ಕಿದ್ದು ಸಿಂಗಲ್ ಫೇಸ್, ಕೆಪಾಸಿಟರ್ ಸ್ಟಾರ್ಟ್ (ಶುರುವಾಗಲು ಮಾತ್ರ ಕೆಪಾಸಿಟರ್ ಬಳಸುವ) ಇಂಡಕ್ಷನ್ ಮೋಟರ್: 1440 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 2.4 ಆಂಪ್ಸ್. ಮಿಕ್ಸಿ ಮೋಟರನ್ನು ಮೊದಲೇ ಕೈಬಿಟ್ಟಾಗಿದೆ. ಅದು ಸೀರೀಸ್ ಮೋಟರ್. ಲೋಡ್ ಇಲ್ಲದಿದ್ದರೆ ಹತ್ತು ಸಾವಿರ ಆರ್‌ಪಿಎಂ ದಾಟಿ ಓಡುತ್ತದೆ, ಕಾಯಿ ಒತ್ತಿದರೆ ವೇಗ ಕುಸಿಯುತ್ತದೆ. ತುರಿಯುವುದಕ್ಕೆ ಲೋಡ್ ಬಿದ್ದರೂ ವೇಗ ಬಿಡದ ಇಂಡಕ್ಷನ್ ಮೋಟರೇ ಸರಿ.

ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಶಾಫ್ಟಿಗೆ ಹಗ್ಗ ಸುತ್ತಿ ಎಳೆದರೆ ಎಳೆದ ಕಡೆಗೆ ಓಡುತ್ತಿತ್ತು. ಹೀಗಾದರೆ ರನ್ನಿಂಗ್ ವೈಂಡಿಂಗ್ (ಓಡಿಸುವ ತಂತಿ ಸುರುಳಿ) ಚೆನ್ನಾಗಿದೆ, ದೋಷ ಶುರು ಮಾಡಿಸುವ ಸ್ಟಾರ್ಟಿಂಗ್ ಕಡೆ ಇದೆ ಎಂದೇ ಅರ್ಥ. ಎಲ್ಲರೂ ಮೊದಲು ಕೆಪಾಸಿಟರ್ ಬದಲಿಸುತ್ತಾರೆ. ಇಲ್ಲಿ 60–80 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 71 ತೋರಿಸಿತು, ಅದರಲ್ಲಿ ತಪ್ಪಿಲ್ಲ. ರನ್ನಿಂಗ್ ವೈಂಡಿಂಗ್ 7.5 ಓಮ್, ಸ್ಟಾರ್ಟಿಂಗ್ 14 ಓಮ್. ವೇಗ ಏರಿದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಕಡಿಯುವ ಸೆಂಟ್ರಿಫ್ಯೂಗಲ್ ಸ್ವಿಚ್ ಮಾತ್ರ ಓಪನ್: ನಿಂತಾಗ ಕೂಡಿರಬೇಕಾದ ಅದರ ಪಾಯಿಂಟುಗಳು ಕೂಡುತ್ತಿರಲಿಲ್ಲ.

ಪಾಯಿಂಟುಗಳು ಕಪ್ಪಾಗಿದ್ದವು, 400 ನಂಬರ್ ಎಮರಿಯಲ್ಲಿ ಉಜ್ಜಿದರೂ ಕೂಡಲಿಲ್ಲ. ನಿಜವಾದ ಕಾರಣ ಶಾಫ್ಟಿನ ಫೈಬರ್ ವಾಷರ್. ಅದು ಸವೆದು ರೋಟರ್ ಅರ್ಧ ಮಿಲಿಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು, ಹಾಗಾಗಿ ಗವರ್ನರ್ (ಶಾಫ್ಟಿನ ಮೇಲೆ ವೇಗಕ್ಕೆ ಸರಿಯುವ ಭಾಗ) ಸ್ವಿಚ್ಚಿನ ತಗಡನ್ನು ಒತ್ತುತ್ತಲೇ ಇರಲಿಲ್ಲ. 0.5 ಮಿ.ಮೀ. ವಾಷರ್ ಒಂದು ಸೇರಿಸಿದ ಮೇಲೆ ಪಾಯಿಂಟ್ ಕೂಡಿತು. ಎರಡು ಹಾಕಿದರೆ ಕೆಟ್ಟಿತು: ಪಾಯಿಂಟ್ ಬಿಡದೆ ಸ್ಟಾರ್ಟಿಂಗ್ ವೈಂಡಿಂಗ್ ಲೈನಿನಲ್ಲೇ ಉಳಿದು ಸುಡುತ್ತದೆ. ವೇಗ ಸುಮಾರು ಮುಕ್ಕಾಲು ಮುಟ್ಟುವಾಗ ‘ಟಕ್’ ಎಂಬ ಸದ್ದು ಕೇಳಲೇಬೇಕು. ಕೇಳದಿದ್ದರೆ ತಕ್ಷಣ ಆಫ್ ಮಾಡಿ.

ಬಿಚ್ಚಿದ್ದಾಗಲೇ ಎರಡೂ 6202 ಬೇರಿಂಗ್ ಬದಲಾದವು. ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ವೈಂಡಿಂಗಿನಿಂದ ಮೋಟರಿನ ಮೈಗೆ 20 ಮೆಗಾ ಓಮ್ ಬಂತು. ತೆಂಗಿನ ನೀರು ಬೀಳುವ ಜಾಗ, ಒಂದಕ್ಕಿಂತ ಕಡಿಮೆ ಬಂದಿದ್ದರೆ ಕರೆಂಟ್ ಕೊಡುವ ಮಾತೇ ಇಲ್ಲ. ಮೋಟರಿನ ಮೈಗೆ ಅರ್ತ್ ವೈರ್ ಕಡ್ಡಾಯ.

ಮೋಟರಿಗೆ ಎರಡೂವರೆ ಇಂಚಿನ ಪುಲ್ಲಿ, ತುರಿಯುವ ಹಲ್ಲಿನ ಶಾಫ್ಟಿಗೆ 6 ಇಂಚಿನದು; ಶಾಫ್ಟ್ 600 ಆರ್‌ಪಿಎಂ ತಿರುಗುತ್ತದೆ. ತುರಿ ಹುಡಿಯಾಗಿ ಬಟ್ಟಲಿಗೇ ಬೀಳುತ್ತಿದೆ, ಚಿಪ್ಪಿನ ಕಂದು ಬೆರೆಯುತ್ತಿಲ್ಲ. ಹಲ್ಲು ಥ್ರೆಡ್ಡಿನ ಮೇಲೆ ಕೂರುವುದರಿಂದ ಉಲ್ಟಾ ತಿರುಗಿದರೆ ಕಳಚಿ ಹಾರುತ್ತದೆ. ಮೊದಲ ಸಲ ಹಲ್ಲು ಹಾಕದೆ ಓಡಿಸಿ ದಿಕ್ಕು ನೋಡಿ. ಉಲ್ಟಾ ಇದ್ದರೆ ಸ್ಟಾರ್ಟಿಂಗ್ ವೈಂಡಿಂಗ್‌ನ ಎರಡು ತುದಿ ಅದಲು ಬದಲು ಮಾಡಿದರೆ ಸಾಕು.

ಖಾಲಿ ಓಟಕ್ಕೆ 1.7 ಆಂಪ್ಸ್, ಕಾಯಿ ಒತ್ತಿದಾಗ 2.1. ಬೆಲ್ಟಿಗೆ ಜಾಲರಿ ಹಾಕುವುದು, ಕಾಲಲ್ಲಿ ಒತ್ತುವ ಸ್ವಿಚ್ ಕೂರಿಸುವುದು ಬಾಕಿ.