ಶಾಂತಿ ಸಭೆಯಿಂದ ನಂಬಿಕೆ ಹುಟ್ಟುತ್ತದೆಯೇ?

ಹಬ್ಬಗಳ ಮುಂಚೆ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಗಳಿಗೆ ವಕೀಲಳಾಗಿ ನಾನೂ ಹೋಗುತ್ತೇನೆ. ಹೊರಬರುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ನಮ್ಮವರಿಗೂ ಪೊಲೀಸರಿಗೂ ಎಂದಾದರೂ ಸರಿಹೋಗುತ್ತದೆಯೇ?" ಕಳೆದ ಸಲ ಕೇಳಿದವರು ಮಸೀದಿ ಕಮಿಟಿಯ ಹಿರಿಯರು. ಅಂದು ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಅವರಿಗೆ ಕುರ್ಚಿ, ಚಹಾ, ಬಿಸ್ಕತ್ತು. ಮೊಮ್ಮಗನ ಬೈಕ್ ಕಳುವಾಯಿತೆಂದು ದೂರು ಕೊಡಲು ಬಂದಾಗ ಅದೇ ಠಾಣೆಯ ಬಾಗಿಲಲ್ಲಿ ಮಧ್ಯಾಹ್ನವಿಡೀ ನಿಂತಿದ್ದವರು ಅವರು.

ಸರಿಹೋಗುತ್ತದೆ ಎಂದೇ ನನ್ನ ಉತ್ತರ. ಹಾಗೆನ್ನುವಾಗ ನನ್ನ ಕಣ್ಣ ಮುಂದಿರುವುದು ಬ್ರಿಟನ್ ಆಡಳಿತದ ಉತ್ತರ ಐರ್ಲೆಂಡ್. ಕ್ರೈಸ್ತರಲ್ಲೇ ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಸಮುದಾಯಗಳ ನಡುವೆ ದಶಕಗಳ ಕಾಲ ಸಂಘರ್ಷ ನಡೆದ ನಾಡು ಅದು.

1990ರ ದಶಕದ ಕೊನೆಯಲ್ಲಿ ಅಲ್ಲಿನ ಜನಸಂಖ್ಯೆಯಲ್ಲಿ ಕ್ಯಾಥೊಲಿಕರು ಶೇ. 40ಕ್ಕೂ ಹೆಚ್ಚಿದ್ದರು, ಪೊಲೀಸ್ ಪಡೆಯಲ್ಲಿ ಮಾತ್ರ ಶೇ. 8ರ ಆಸುಪಾಸು. ದಶಕಗಳ ಹಿಂಸೆಯಲ್ಲಿ ಸುಮಾರು 300 ಪೊಲೀಸರೂ ಜೀವ ಕಳೆದುಕೊಂಡಿದ್ದರು. ಗಾಯ ಎರಡೂ ಕಡೆ ಇತ್ತು. 1998ರ ಶಾಂತಿ ಒಪ್ಪಂದದ ನಂತರ ಪೊಲೀಸ್ ಸುಧಾರಣೆಗೆಂದು ನೇಮಕವಾದ ಕ್ರಿಸ್ ಪ್ಯಾಟನ್ ಆಯೋಗ 175 ಶಿಫಾರಸುಗಳನ್ನು ಮಾಡಿತು. 2001ರಲ್ಲಿ ಪಡೆಯ ಹೆಸರು, ಲಾಂಛನ ಎರಡೂ ಬದಲಾದವು. ಮುಂದಿನ ಹತ್ತು ವರ್ಷ ಹೊಸ ನೇಮಕಾತಿಯಲ್ಲಿ ಅರ್ಧದಷ್ಟು ಸ್ಥಾನ ಕ್ಯಾಥೊಲಿಕರಿಗೆ. 2011ರ ಹೊತ್ತಿಗೆ ಅವರ ಪಾಲು ಶೇ. 30ರ ಹತ್ತಿರ ಬಂತು. ಅರ್ಹತೆಯಿದ್ದೂ ಕೆಲಸ ತಪ್ಪಿದ ಪ್ರೊಟೆಸ್ಟೆಂಟ್ ಯುವಕರ ಸಂಕಟ ಸಣ್ಣದಲ್ಲ. ಆದರೂ ಆ ನಿರ್ಧಾರ ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ.

ಅದಕ್ಕಿಂತಲೂ ನನ್ನ ಮನಸ್ಸು ಗೆದ್ದದ್ದು 2000ದಲ್ಲಿ ಶುರುವಾದ ಪೊಲೀಸ್ ಒಂಬುಡ್ಸ್‌ಮನ್ ಕಚೇರಿ. ಪೊಲೀಸರ ಮೇಲಿನ ದೂರನ್ನು ಅಲ್ಲಿ ಪೊಲೀಸರು ವಿಚಾರಿಸುವುದಿಲ್ಲ. ಕಚೇರಿಗೆ ತನ್ನದೇ ತನಿಖಾಧಿಕಾರಿಗಳಿದ್ದಾರೆ. ಮೊದಲ ಒಂಬುಡ್ಸ್‌ಮನ್ ನೂಆಲಾ ಓ'ಲೋನ್ ಅವರು ಓಮಾ ಪಟ್ಟಣದಲ್ಲಿ 1998ರಲ್ಲಿ ನಡೆದ ಬಾಂಬ್ ಸ್ಫೋಟದ ಪೊಲೀಸ್ ತನಿಖೆಯ ಬಗ್ಗೆ 2001ರಲ್ಲಿ ಕೊಟ್ಟ ವರದಿ ಪೊಲೀಸ್ ಮುಖ್ಯಸ್ಥರ ನಾಯಕತ್ವದಲ್ಲೇ ದೋಷವಿತ್ತೆಂದು ಹೇಳಿತು. ದೊಡ್ಡವರನ್ನೂ ಕೇಳುವವರಿದ್ದಾರೆ ಎಂಬುದನ್ನು ಜನ ಆಗ ಕಣ್ಣಾರೆ ಕಂಡರು.

ನಮ್ಮಲ್ಲೂ ಇದಕ್ಕೆ ದಾರಿಯಿದೆ. ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಪ್ರತಿ ರಾಜ್ಯದಲ್ಲೂ, ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದು ಆದೇಶಿಸಿತು. ಕರ್ನಾಟಕ 2012ರಲ್ಲಿ ಅದಕ್ಕಾಗಿ ಕಾಯ್ದೆ ತಿದ್ದಿತು. ಆ ಶಾಂತಿ ಸಭೆಯಲ್ಲಿ ನಾನು ಕೇಳಿದೆ: ಈ ಪ್ರಾಧಿಕಾರದ ಹೆಸರನ್ನು ಯಾರು ಕೇಳಿದ್ದೀರಿ? ನಲವತ್ತು ಜನರಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಠಾಣೆಯ ಗೋಡೆಯಲ್ಲಿ ಅದರ ವಿಳಾಸದ ಫಲಕ ಹಾಕಿಸಿ ಎಂದು ಬರೆದುಕೊಟ್ಟು ಬಂದಿದ್ದೇನೆ. ಮುಂದಿನ ಸಭೆಯಲ್ಲೂ ಕೇಳುತ್ತೇನೆ.

ಹಿರಿಯರಿಗೆ ಅಂದು ಓಮಾದ ಇನ್ನೊಂದು ಸಂಗತಿಯನ್ನೂ ಹೇಳಿದೆ. ಕ್ಯಾಥೊಲಿಕರೇ ಹೆಚ್ಚಿರುವ ಐರಿಷ್ ಸಾಂಪ್ರದಾಯಿಕ ಆಟಗಳ ಸಂಸ್ಥೆ ಉತ್ತರ ಐರ್ಲೆಂಡ್‌ನ ಪೊಲೀಸರಿಗೆ ಸದಸ್ಯತ್ವವನ್ನೇ ಕೊಡುತ್ತಿರಲಿಲ್ಲ. 2001ರಲ್ಲಿ ಆ ನಿಯಮವನ್ನು ತೆಗೆಯಿತು. ಹತ್ತು ವರ್ಷದ ನಂತರ, 2011ರ ಏಪ್ರಿಲ್‌ನಲ್ಲಿ, ಪಡೆಗೆ ಹೊಸದಾಗಿ ಸೇರಿದ್ದ 25ರ ಹರೆಯದ ಕ್ಯಾಥೊಲಿಕ್ ಪೊಲೀಸ್ ಒಬ್ಬನನ್ನು ಶಾಂತಿ ಒಪ್ಪಂದವನ್ನು ಒಪ್ಪದ ಉಗ್ರರು ಓಮಾದಲ್ಲಿ ಕಾರಿನಡಿ ಬಾಂಬ್ ಇಟ್ಟು ಕೊಂದರು. ಅವನ ಶವಪೆಟ್ಟಿಗೆಗೆ ಅದೇ ಆಟಗಳ ಸಂಸ್ಥೆಯ ಊರಿನ ಆಟಗಾರರು ಹೆಗಲು ಕೊಟ್ಟರು. ಸ್ವಲ್ಪ ದೂರ ನಡೆದು ಅದನ್ನು ಸಮವಸ್ತ್ರದ ಪೊಲೀಸರ ಹೆಗಲಿಗೆ ದಾಟಿಸಿದರು.