ಸಾಸಿವೆಗಿಂತ ಚಿಕ್ಕದು

ಕಾರಿನ ವೈಪರ್ ಆಡ್ತಿತ್ತು, ನೀರು ಚಿಮ್ಮಿಸೋ ಪಂಪಿನ ಮೋಟಾರ್ ಗುಂಯ್ ಅಂತಿತ್ತು. ಗಾಜಿಗೆ ಮಾತ್ರ ಒಂದು ಹನಿ ನೀರಿಲ್ಲ.

ಸದ್ದು ಬಂತಲ್ಲ, ಪಂಪ್‌ಗೆ ಜೀವ ಇದೆ ಅನ್ನೋ ಸಮಾಧಾನ.

ಬಾನೆಟ್ ಎತ್ತಿ, ಗಾಜಿಗೆ ನೀರು ಚಿಮ್ಮೋ ಸಣ್ಣ ಮೂತಿ ಇರುತ್ತಲ್ಲ, ಆ ನಾಜಲ್ ಬುಡದ ಪೈಪ್ ಬಿಚ್ಚಿದೆ. ಮಗ ಒಳಗಿಂದ ಲಿವರ್ ಎಳೆದ. "ಬಂತಾ ಅಪ್ಪಾ?"

ಬಂತು, ಅಂಗಿ ತುಂಬಾ!

ಹಾಗಾದ್ರೆ ಪೈಪ್ ಸರಿಯಿದೆ, ಕಟ್ಟಿಕೊಂಡಿರೋದು ನಾಜಲ್ಲೇ. ಸೂಜಿ ಮೊನೆಯಿಂದ ಮೆಲ್ಲಗೆ ಕೆದಕಿದ್ರೆ ಸಾಸಿವೆಗಿಂತ ಚಿಕ್ಕ ಬಿಳಿ ಚೂರು ಉದುರ್ತು. ಗಡಸು ನೀರು ಆರಿ ಆರಿ ಕಟ್ಟಿದ ಸುಣ್ಣ. ಉಳಿದಿದ್ದನ್ನ ಸ್ವಲ್ಪ ವಿನೆಗರ್ ಕರಗಿಸಿತು.

ಎಂಜಿನ್ ಬಗ್ಗೆ ಎಷ್ಟೆಲ್ಲ ಮಾತಾಡ್ತೀವಿ. ಧೂಳು ಕೂತ ಗಾಜಿಗೆ ಎದುರು ಬಿಸಿಲು ಹೊಡೆದಾಗ ದಾರಿ ತೋರಿಸೋದು ಇಷ್ಟೇ ಇಷ್ಟು ತೂತು ನೋಡಿ.

ಈಗ ನೀರು ಜೋರಾಗೇ ಬರ್ತಿದೆ. ಗಾಜು ದಾಟಿ ಟಾಪ್ ಮೇಲೆ ಬೀಳ್ತಿದೆ. ನಾಜಲ್ ಕೋನ ಸ್ವಲ್ಪ ತಗ್ಗಿಸ್ಬೇಕು, ಮತ್ತೆ ಸೂಜಿ ಹುಡುಕ್ತಿದೀನಿ.